ಮಾರ್ಸೆಲ್ ಸಿಂಗರಿಸಿದ ಅಡುಗೆಮನೆ

ಮೂವತ್ತೈದು ವರ್ಷ ನನ್ನ ತಮ್ಮ ಓರಿನ್ ಕೊಟ್ಟಿಗೆಯಿಂದ ಬಂದವನು ಬೂಟು, ಕಾಲುಚೀಲ ಎರಡನ್ನೂ ಬಾಗಿಲಾಚೆಯೇ ಕಳಚಿಟ್ಟು ಬರಿಗಾಲಲ್ಲಿ ಅಡುಗೆಮನೆಗೆ ಹೋಗಿದ್ದಾನೆ. ಪ್ಯಾಂಟಿನ ಮಡಿಕೆಯಲ್ಲಿ ಒಂದು ಹುಲ್ಲುಕಡ್ಡಿ ಸಿಕ್ಕಿಕೊಂಡಿದ್ದರೂ ಸಾಕು, ಅವನ ಹೆಂಡತಿ ಮಾರ್ಸೆಲ್ ಅದನ್ನು ಎರಡೇ ಬೆರಳಲ್ಲಿ ಎತ್ತಿ ಹಿಡಿದು, ಸತ್ತ ಇಲಿ ಸಿಕ್ಕವಳಂತೆ ಮುಖ ಮಾಡುತ್ತಿದ್ದಳು. ಅದೇ ಮಾರ್ಸೆಲ್ ಹೋದ ಅಕ್ಟೋಬರಿನಲ್ಲಿ ಅದೇ ಅಡುಗೆಮನೆಯ ನಟ್ಟನಡುವೆ ಒಂದು ಇಡೀ ಹುಲ್ಲಿನ ಹೊರೆ ತಂದು ಕೂರಿಸಿದಳು. ಅದರ ಮೇಲೆ ಮೂರು ಕುಂಬಳಕಾಯಿ. ಓರಿನ್ ಮಾತ್ರ ಈಗಲೂ ಬರಿಗಾಲಲ್ಲೇ ಬರಬೇಕಿತ್ತು.

ನಾನು ಬರ್ನಿಸ್, ಓರಿನ್‌ನ ಅಕ್ಕ. ಇಪ್ಪತ್ತೇಳು ವರ್ಷ ಈ ಊರಿನ ಶಾಲೆಯ ಬಸ್ಸು ಓಡಿಸಿದವಳು. ನನ್ನ ಮನೆ ಅವರ ಹೊಲದ ಕೆಳಗಿನ ತಿರುವಿನಲ್ಲಿದೆ. ನನ್ನ ಬಾಯಿ ಕೆಟ್ಟದ್ದು ಅಂತ ವರ್ಮಾಂಟಿನ ಈ ಬೆಟ್ಟದ ಸೀಮೆಯಲ್ಲಿ ಎಲ್ಲರಿಗೂ ಗೊತ್ತು, ನಾನೂ ಇಲ್ಲ ಅನ್ನುವುದಿಲ್ಲ.

ಮಾರ್ಸೆಲ್‌ಳ ಬದುಕನ್ನು ಹೇಳಬೇಕೆಂದರೆ ಅಡುಗೆಮನೆಯಿಂದಲೇ ಶುರು ಮಾಡಬೇಕು. ಅವಳು ಹುಟ್ಟಿದ್ದು ಕೆನಡಾ ಗಡಿಯ ಹತ್ತಿರದ ಒಂದು ಬಡ ಒಕ್ಕಲು ಮನೆಯಲ್ಲಿ, ಎಂಟು ಮಕ್ಕಳಲ್ಲಿ ಆರನೆಯವಳಾಗಿ. ಅವಳ ತಾಯಿಯ ಅಡುಗೆಮನೆಯನ್ನು ನಾನು ಕಣ್ಣಾರೆ ಕಂಡಿದ್ದೇನೆ. ತೊಲೆಯಿಂದ ಈರುಳ್ಳಿಯ ಜಡೆಗಳು, ಒಣಸೇಬಿನ ಸರಗಳು ತೂಗುತ್ತಿದ್ದವು. ಗಾಳಿ ನುಗ್ಗದಂತೆ ಕಿಟಕಿಗೆ ಗೋಣಿತಾಟು ಹೊಡೆದಿದ್ದರು. ಮೂಲೆಯಲ್ಲಿ ಸದಾ ಹೊಗೆಯುಗುಳುವ ಸೌದೆ ಒಲೆ. ಆ ಮನೆಯ ನೆನಪಾದರೆ ಮಾರ್ಸೆಲ್‌ಗೆ ಮೈಯೆಲ್ಲ ಉರಿಯುತ್ತಿತ್ತು. ಮದುವೆಯಾಗಿ ಬಂದ ಮೊದಲ ಬೇಸಿಗೆಯಲ್ಲೇ ನಮ್ಮ ಅಜ್ಜಿಯ ಕಾಲದ ಕಲ್ಲಿನ ತೊಟ್ಟಿಯನ್ನೂ ಕಬ್ಬಿಣದ ಒಲೆಯನ್ನೂ ಕೀಳಿಸಿ ಊರಾಚೆಯ ಕಸದ ಗುಂಡಿಗೆ ಹಾಕಿಸಿದಳು. ಕರೆಂಟ್ ಒಲೆ ಬಂತು, ನೆಲಕ್ಕೆ ಹಳದಿ ಲಿನೋಲಿಯಂ ಹಾಸು ಬಂತು, ತಲೆಯ ಮೇಲೆ ಟ್ಯೂಬ್‌ಲೈಟ್ ಬಂತು. ನಮ್ಮಮ್ಮ ಅತ್ತಳು, ನಾನು ಬೈದೆ. ಮಾರ್ಸೆಲ್ ಇಬ್ಬರನ್ನೂ ಕ್ಯಾರೇ ಅನ್ನಲಿಲ್ಲ.

ಆಮೇಲೆ ಅವಳು ಪಟ್ಟಣದ ಹಲ್ಲಿನ ಡಾಕ್ಟರ ಹತ್ತಿರ ಕೆಲಸಕ್ಕೆ ಸೇರಿದಳು. ಮುಂದಿನ ಕೋಣೆಯಲ್ಲಿ ಕೂತು ರೋಗಿಗಳ ಹೆಸರು ಬರೆದುಕೊಳ್ಳುವ ಕೆಲಸ. ಅಲ್ಲಿ ಹಲ್ಲು ನೋವಿನವರಿಗಾಗಿ ಇಟ್ಟಿದ್ದ ಪತ್ರಿಕೆಗಳು ಹಳತಾದ ಮೇಲೆ ಇವಳ ಚೀಲ ಸೇರಿ ಮನೆಗೆ ಬರುತ್ತಿದ್ದವು. ಅವುಗಳಲ್ಲಿ ಬೋಸ್ಟನ್ನಿನ ಶ್ರೀಮಂತರ ಅಡುಗೆಮನೆಗಳ ಚಿತ್ರ. ಏನಿತ್ತು ಅನ್ನುತ್ತೀರಿ ಆ ಚಿತ್ರಗಳಲ್ಲಿ? ತೊಲೆಯಿಂದ ಈರುಳ್ಳಿ ಜಡೆ, ಕಿಟಕಿಗೆ ಗೋಣಿತಾಟು, ಕಲ್ಲಿನ ತೊಟ್ಟಿ! ಹಿತ್ತಲ ಗಿಡ ಮದ್ದಲ್ಲ, ಅದೇ ಗಿಡ ಹಲ್ಲಿನ ಡಾಕ್ಟರ ಮನೆಯಿಂದ ಬಂದರೆ ಮದ್ದು.

ಅರವತ್ತು ದಾಟಿದ ಮೇಲೆ ಅವಳಿಗೆ ಈ ಹುಚ್ಚು ನೆತ್ತಿಗೇರಿತು. ಪ್ರತಿ ಶರತ್ಕಾಲದಲ್ಲೂ ಅಡುಗೆಮನೆಗೆ ಹಳ್ಳಿಯ ಕಳೆ ತರುತ್ತೇನೆ ಎಂದು ಹೊರಟಳು. ಹಳ್ಳಿಯಲ್ಲೇ ಇದ್ದೇವಲ್ಲೇ ಮಹಾರಾಯ್ತಿ, ಇನ್ನೆಲ್ಲಿಂದ ತರುತ್ತೀ? ಹಾಲಿನ ಕ್ಯಾನಿನಲ್ಲಿ ಕೆಂಪು ಮೇಪಲ್ ಕೊಂಬೆಗಳು. ಅವು ಮೂರನೇ ದಿನಕ್ಕೆ ಎಲೆ ಉದುರಿಸಿ ನೆಲವೆಲ್ಲ ಕಸ. ಬಟ್ಟಲಿನಲ್ಲಿ ಓಕ್ ಮರದ ಕಾಯಿಗಳು. ಪೈನ್ ಮರದ ಕಾಯಿಗಳಿಗೆ ದಾಲ್ಚಿನ್ನಿಯ ವಾಸನೆ ಪೂಸಿದ್ದಳು. ಬಾಗಿಲಿಗೆ ಒಂದು ಕಟ್ಟು ಗೋಧಿ ತೆನೆ. ನಮ್ಮ ತಾತನ ಕಾಲದಿಂದಲೂ ಈ ಬೆಟ್ಟದಲ್ಲಿ ಗೋಧಿ ಬೆಳೆದವರಿಲ್ಲ.

"ಈ ಗೋಧಿ ಎಲ್ಲಿಂದ ಬಂತೇ?" ಎಂದು ಕೇಳಿದೆ.

"ಅಂಗಡಿಯಿಂದ. ಚೆನ್ನಾಗಿಲ್ವಾ?"

"ಚೆನ್ನಾಗಿದೆ. ಪ್ಲಾಸ್ಟಿಕ್ ಕವರ್ ಬಿಚ್ಚೋದನ್ನ ಮರೆತಿದೀಯ ನೋಡು."

"ನಿಂಗೆ ಹೊಟ್ಟೆಕಿಚ್ಚು ಬರ್ನಿಸ್. ನಿನ್ನ ಮನೇಲಿ ಒಂದು ಹೂವಿನ ಕುಂಡಾನೂ ಇಲ್ಲ."

"ಬಸ್ಸಲ್ಲಿ ಅರವತ್ತು ಮಕ್ಕಳಿದ್ರು ಕಣೇ. ಕುಂಡ ಇಡೋಕೆ ಪುರುಸೊತ್ತಿರಲಿಲ್ಲ."

ಹೀಗೆ ನಮ್ಮ ಮಾತು. ಮೂವತ್ತೈದು ವರ್ಷದಿಂದ ಹೀಗೇ.

ಹೋದ ವರ್ಷ ಚರ್ಚಿನ ಹೆಂಗಸರು ಒಂದು ಹೊಸ ಯೋಚನೆ ತೆಗೆದರು. ಎಲೆಗಳ ಬಣ್ಣ ನೋಡಲು ಕಾರುಗಟ್ಟಲೆ ಬರುವ ಪಟ್ಟಣದವರಿಗೆ ಟಿಕೆಟ್ ಮಾರಿ, ಊರಿನ ಆರು ಅಡುಗೆಮನೆ ತೋರಿಸುವುದು. ಬಂದ ಹಣ ಚರ್ಚಿನ ಸೋರುವ ಮಾಡಿನ ರಿಪೇರಿಗೆ. ಆರರಲ್ಲಿ ಮಾರ್ಸೆಲ್‌ಳ ಅಡುಗೆಮನೆಯೂ ಒಂದು ಅಂತಾಯಿತು. ಅಂದಿನಿಂದ ಅವಳ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಅಲಂಕಾರಕ್ಕೆ ಇನ್ನೂ ಏನೋ ಸಾಲದು ಎಂದು ಮನೆಯೆಲ್ಲ ತಡಕಾಡಿದಳು. ಕಡೆಗೆ ಅವಳ ಕಣ್ಣು ಹಿಂದಿನ ಜಗುಲಿಯಲ್ಲಿ ತೂಗುತ್ತಿದ್ದ ಜೋಳದ ಮೇಲೆ ಬಿತ್ತು.

ಆ ಜೋಳದ ವಿಷಯ ಹೇಳಲೇಬೇಕು. ಅದು ನಮ್ಮ ತಾತನ ತಾತ ಈ ಬೆಟ್ಟಕ್ಕೆ ತಂದ ಮೆಕ್ಕೆಜೋಳ. ತೆನೆ ಗೇಣುದ್ದ, ಎಂಟೇ ಸಾಲು ಕಾಳು, ಬಣ್ಣ ಒಣ ರಕ್ತದ್ದು. ನಮ್ಮಲ್ಲಿ ಬೇಸಿಗೆ ಬಂತು ಅನ್ನುವಷ್ಟರಲ್ಲಿ ಮುಗಿಯುತ್ತದೆ. ಅಂಗಡಿಯ ಬೀಜ ಹಾಕಿದರೆ ತೆನೆಗೆ ಹಾಲು ತುಂಬುವ ಮೊದಲೇ ಇಬ್ಬನಿ ಹೆಪ್ಪುಗಟ್ಟಿ ಬೀಳುತ್ತದೆ. ಈ ಜೋಳ ಮಾತ್ರ ಆ ಚಳಿಯನ್ನು ಮೀರಿ ಬಲಿಯುತ್ತದೆ. ಬೇರೆ ಯಾರ ಬಳಿಯೂ ಇದು ಉಳಿದಿಲ್ಲ. ಪ್ರತಿ ವರ್ಷ ಓರಿನ್ ಒಳ್ಳೆಯ ತೆನೆಗಳನ್ನು ಆರಿಸಿ, ಸಿಪ್ಪೆ ಹಿಂದಕ್ಕೆ ಸುಲಿದು, ಜಡೆ ಹೆಣೆದು ಜಗುಲಿಯಲ್ಲಿ ಒಣಗಲು ಬಿಡುತ್ತಾನೆ. ಮುಂದಿನ ವರ್ಷದ ಬಿತ್ತನೆಗೆ ಅದೇ ಬೀಜ. ಕಳೆದ ಮೂರು ವರ್ಷ ಕರಡಿ ಹೊಲಕ್ಕೆ ನುಗ್ಗಿ ಬೆಳೆಯೆಲ್ಲ ಹಾಳಾಗಿತ್ತು. ಉಳಿದಷ್ಟನ್ನು ಅವನು ಬೀಜಕ್ಕೇ ಇಟ್ಟ, ಹಿಟ್ಟು ಮಾಡಿಸಲಿಲ್ಲ. ಹೋದ ವರ್ಷ ಸಿಕ್ಕಿದ್ದು ಹತ್ತೊಂಬತ್ತು ತೆನೆ. ಆ ಒಂದು ಜಡೆಯೇ ನಮ್ಮ ಮನೆತನದ ಜೋಳ.

ಮಾರ್ಸೆಲ್ ಆ ಜಡೆಯನ್ನು ತಂದು ಕರೆಂಟ್ ಒಲೆಯ ಮೇಲಿನ ಗೋಡೆಗೆ ತೂಗಿಸಿದಳು. ಓರಿನ್ ನೋಡಿದ.

"ಹತ್ತು ದಿನ ಅಷ್ಟೇ ಕಣ್ರೀ," ಎಂದಳು. "ಆಮೇಲೆ ನಿಮ್ದು ನಿಮಗೆ."

"ಇರ್ಲಿ ಬಿಡು. ಬೆಚ್ಚಗಿರುತ್ತೆ, ಚೆನ್ನಾಗಿ ಒಣಗುತ್ತೆ," ಎಂದ ನನ್ನ ತಮ್ಮ. ಹೆಂಡತಿಗೆ ಎದುರಾಡಿ ಅಭ್ಯಾಸವಿಲ್ಲದವನು.

ಟಿಕೆಟಿನ ದಿನ ಶನಿವಾರ. ಬೆಳಗಿನಿಂದಲೇ ಅಂಗಳದ ತುಂಬ ಕಾರುಗಳು. ಮಾರ್ಸೆಲ್ ಕಿತ್ತಳೆ ಬಣ್ಣದ ಏಪ್ರನ್ ಕಟ್ಟಿ, ಬಂದವರಿಗೆಲ್ಲ ಬಿಸಿ ಸೇಬಿನ ರಸ ಹಂಚುತ್ತಿದ್ದಳು. ಓರಿನ್‌ಗೆ ಹಳೆಯ ಚೌಕಳಿ ಅಂಗಿ ತೊಡಿಸಿ, ಬಾಗಿಲ ಪಕ್ಕ ನಿಲ್ಲಿಸಿದ್ದಳು. ಕುಂಬಳಕಾಯಿಯ ಜೊತೆಗೆ ಅವನೂ ಒಂದು ಅಲಂಕಾರ. ನಾನು ಮೂಲೆಯ ಕುರ್ಚಿಯಲ್ಲಿ ಕೂತು ತಮಾಷೆ ನೋಡುತ್ತಿದ್ದೆ. ಬಂದವರು ಹುಲ್ಲಿನ ಹೊರೆಯನ್ನು ಮುಟ್ಟಿ ನೋಡುವರು, ಗೋಣಿತಾಟಿನ ಪರದೆಯ ಫೋಟೋ ತೆಗೆಯುವರು. ಆಹಾ ಅಂತಾರೆ, ಓಹೋ ಅಂತಾರೆ. ಹೊರಗೆ ಹದಿನಾರು ಹಸು ಇದ್ದವು, ಅವನ್ನು ಒಬ್ಬರೂ ನೋಡಲಿಲ್ಲ.

ಮಧ್ಯಾಹ್ನ ಕನೆಕ್ಟಿಕಟ್ಟಿನಿಂದ ಬಂದ ಒಬ್ಬ ಹೆಂಗಸು ಜೋಳದ ಜಡೆಯ ಹತ್ತಿರ ಮೂಗು ತಂದು ಕೇಳಿದಳು. "ಎಷ್ಟು ಚೆನ್ನಾಗಿದೆ! ಆದರೆ ಇದ್ರಲ್ಲಿ ಹುಳ ಬರಲ್ವಾ? ನಮ್ಮನೇಲಿ ಇಟ್ಟಿದ್ದೆ, ಡಬ್ಬಿ ತುಂಬ ಹುಳ ಆಯ್ತು."

ಮಾರ್ಸೆಲ್ ಹಿಗ್ಗಿಹೋದಳು. ಅವಳು ಕಾಯುತ್ತಿದ್ದ ಪ್ರಶ್ನೆಯೇ ಅದು.

"ಬರೋದೇ ಇಲ್ಲ. ಹೊರಗಿನಿಂದ ತಂದ ಯಾವ್ದನ್ನೂ ಹಾಗೇ ಇಡಬಾರ್ದು. ಮೊದಲು ಕರೆಂಟ್ ಒಲೆಯ ಓವನ್ನಿನೊಳಗಿಟ್ಟು ಒಂದು ಗಂಟೆ ಕಾಯಿಸ್ಬೇಕು. ಹುಳ, ಮೊಟ್ಟೆ, ಎಲ್ಲಾ ಸತ್ತೋಗುತ್ತೆ. ಕಾಯಿ, ಕಡ್ಡಿ, ಎಲ್ಲಾನೂ ಹಾಗೇ ಮಾಡಿದೀನಿ."

ಬಾಗಿಲ ಬಳಿಯಿಂದ ಓರಿನ್ ಕೇಳಿದ. "ಜೋಳಾನೂನಾ?"

"ಜೋಳಾನೇ ಮೊದಲು. ಅದ್ರಲ್ಲೇ ಹುಳ ಜಾಸ್ತಿ ಅಂತ ಪತ್ರಿಕೇಲಿ ಬರೆದಿದ್ರು."

ಕನೆಕ್ಟಿಕಟ್ಟಿನ ಹೆಂಗಸು ಅದನ್ನೆಲ್ಲ ಒಂದು ಚೀಟಿಯಲ್ಲಿ ಬರೆದುಕೊಂಡಳು. ನಿಜ ಹೇಳಬೇಕೆಂದರೆ ನನಗೆ ಆ ಕ್ಷಣ ಖುಷಿಯಾಯಿತು. ಅಂತೂ ಸಿಕ್ಕಿಬಿದ್ದಳು ಎಂದುಕೊಂಡೆ. ಜೋಳ ಹೋಯಿತಲ್ಲ ಎಂಬ ಸಂಕಟ ಆಮೇಲೆ ಬಂತು.

ನಾಲ್ಕು ಗಂಟೆಗೆ ಕೊನೆಯ ಕಾರೂ ಹೋಯಿತು. ಓರಿನ್ ಜಡೆಯನ್ನು ಗೋಡೆಯಿಂದ ಇಳಿಸಿ ಮೇಜಿನ ಮೇಲಿಟ್ಟ. ಒಂದು ಕಾಳು ಬಿಡಿಸಿ ಹಲ್ಲಿನಲ್ಲಿ ಕಡಿದು ನೋಡಿದ. ಅದು ಗಾಜಿನ ಹಾಗೆ ಚಟ್ಟನೆ ಒಡೆಯಿತು.

"ಯಾಕ್ರೀ? ಏನಾಯ್ತು?" ಎಂದಳು ಮಾರ್ಸೆಲ್.

ನಾನು ಬಿಡಲಿಲ್ಲ. "ಏನಾಯ್ತಾ? ಬೀಜ ಹುರಿದು ಕೂತಿದೀಯಲ್ಲೇ! ಹುರಿದದ್ದು ಮೊಳಕೆ ಒಡೆಯುತ್ತೇನೇ? ಒಕ್ಕಲಿಗನ ಮಗಳು ನೀನು. ನಿಮ್ಮಪ್ಪ ಇದ್ದಿದ್ರೆ ತಲೆ ತಗ್ಗಿಸ್ತಿದ್ದ. ಹುಳ ಸಾಯೋ ಬಿಸಿಗೆ ಬೀಜ ಬದುಕುತ್ತಾ ಅಂತ ಒಂದು ಸಲ ಯೋಚನೆ ಮಾಡಬಾರ್ದಿತ್ತಾ? ಇನ್ನೂರು ವರ್ಷ ಉಳಿದದ್ದನ್ನ ಒಂದು ಗಂಟೇಲಿ ಮುಗಿಸಿದೆ. ಚಿತ್ರ ನೋಡ್ಕೊಂಡು ಬದುಕೋಳ ಕೈಗೆ ಮನೆ ಕೊಟ್ರೆ ಹೀಗೇ ಆಗೋದು!"

ಇನ್ನೂ ಅಂದೆ. ಮೂವತ್ತೈದು ವರ್ಷದ್ದೆಲ್ಲ ಕಕ್ಕಿದೆ. ಅಜ್ಜಿಯ ತೊಟ್ಟಿಯನ್ನೂ ಬಿಡಲಿಲ್ಲ. ಮಾರ್ಸೆಲ್ ಹುಲ್ಲಿನ ಹೊರೆಯ ಮೇಲೆ ಕುಸಿದು ಕೂತು, ಏಪ್ರನ್ನಿನಲ್ಲಿ ಮುಖ ಮುಚ್ಚಿಕೊಂಡು ಅತ್ತಳು. "ನಂಗೆ ಹೊಳೀಲೇ ಇಲ್ಲ," ಎಂದಳು. "ದೇವರಾಣೆ ಹೊಳೀಲಿಲ್ಲ. ತಪ್ಪು ನಂದೇ."

ಓರಿನ್ ಅವಳ ಹೆಗಲ ಮೇಲೆ ಕೈಯಿಟ್ಟ. ಆಮೇಲೆ ನನ್ನ ಕಡೆ ತಿರುಗಿದ. ಮುಖದಲ್ಲಿ ಒಂದು ನೆಮ್ಮದಿ ಇತ್ತು.

"ಸಾಕು ಬಿಡೇ ಬರ್ನಿಸ್, ಅವಳನ್ನ ಅಳಿಸ್ಬೇಡ. ಏನೂ ಹೋಗಿಲ್ಲ. ಈಸ್ಟರ್‌ನಲ್ಲಿ ನಿಂಗೆ ಒಂದು ಬಾಟ್ಲಿ ಬೀಜ ಕೊಟ್ಟಿದ್ನಲ್ಲ. ಒಂದೇ ಮನೇಲಿ ಎಲ್ಲ ಇಡಬಾರ್ದು, ಅಕ್ಕನ ಹತ್ರ ಭದ್ರವಾಗಿರುತ್ತೆ ಅಂತ. ಅದು ಸಾಕು, ಎರಡು ಸಾಲು ಹಾಕ್ತೀನಿ, ಮತ್ತೆ ಏಳುತ್ತೆ."

ಮಾರ್ಸೆಲ್ ಮುಖದಿಂದ ಬಟ್ಟೆ ತೆಗೆದಳು. ಎದ್ದು ಬಂದು ನನ್ನ ಎರಡೂ ಕೈ ಹಿಡಿದುಕೊಂಡಳು. "ಬರ್ನಿಸ್, ನೀನು ಎಷ್ಟಾದ್ರೂ ಬೈಕೋ. ಬದುಕಿಸಿದೆ ನನ್ನ," ಎಂದಳು.

ಅವನು ಆ ಬಾಟಲಿ ಕೊಟ್ಟು ಈಸ್ಟರ್ ಮುಗಿದ ವಾರವೇ ಹಿಮ ಬಿದ್ದು ಎರಡು ದಿನ ದಾರಿ ಮುಚ್ಚಿತ್ತು. ನನ್ನ ಮನೆಯಲ್ಲಿ ರೊಟ್ಟಿಗೆ ಹಿಟ್ಟಿರಲಿಲ್ಲ. ಫ್ರಿಜ್ಜಿನ ಮೇಲೆ ಬಾಟಲಿ ಇತ್ತು. ಓರಿನ್ ಹೇಗೂ ಇಟ್ಟುಕೊಂಡಿರುತ್ತಾನೆ, ಹೊಲದಲ್ಲಿ ಬೆಳೆಯುತ್ತಾನೆ, ಇವನದು ಯಾವಾಗಲೂ ಅತಿ ಜಾಗ್ರತೆ ಎಂದುಕೊಂಡು ಕಾಫಿ ಬೀಸುವ ಯಂತ್ರಕ್ಕೆ ಸುರಿದೆ. ಬಾಟಲಿಯ ಮೇಲೆ 'ಬೀಜ' ಎಂದು ಅವನ ಕೈಬರಹದ ಚೀಟಿ ಅಂಟಿಸಿತ್ತು. ಓದಿಯೇ ಸುರಿದೆ. ತನ್ನ ಎಲೆಯಲ್ಲಿ ಹೆಗ್ಗಣ ಬಿದ್ದಿದ್ದರೂ ಪಕ್ಕದವರ ಎಲೆಯ ನೊಣ ಕಾಣುವುದು ಅಂದರೆ ಇದೇ. ಮಾರ್ಸೆಲ್‌ಗೆ ಹೊಳೆಯಲಿಲ್ಲ. ನನಗೆ ಗೊತ್ತಿತ್ತು.

ಹುಡುಕುತ್ತೇನೆ ಎಂದು ಸುಳ್ಳು ಹೇಳಿ ಎದ್ದು ಹೋಗಬಹುದಿತ್ತು. ಬಾಗಿಲು ಎರಡೇ ಹೆಜ್ಜೆ ದೂರದಲ್ಲಿತ್ತು. ಆದರೆ ಅವಳು ನನ್ನ ಕೈ ಬಿಟ್ಟಿರಲಿಲ್ಲ.

"ಇಲ್ಲ ಕಣೋ," ಎಂದೆ. "ಅದನ್ನ ಬೀಸಿ ರೊಟ್ಟಿ ಮಾಡ್ಕೊಂಡು ತಿಂದೆ."

ಮಾರ್ಸೆಲ್ ನನ್ನ ಮುಖ ನೋಡಿದಳು. ಈಗ ಅನ್ನುತ್ತಾಳೆ, ಅನ್ನಲಿ, ಅಂದರೆ ಹಗುರಾಗುತ್ತದೆ ಎಂದು ಕಾದೆ. ಅವಳು ಮೆಲ್ಲಗೆ ನನ್ನ ಕೈ ಬಿಟ್ಟಳು, ಅಷ್ಟೇ.

ಓರಿನ್ ಆ ಜೋಳದ ರೊಟ್ಟಿ ತಿಂದು ಮೂರು ವರ್ಷವಾಗಿತ್ತು.

"ರುಚಿಯಾಗಿತ್ತಾ?" ಎಂದು ಕೇಳಿದ. ಅವನ ದನಿಯಲ್ಲಿ ಕೊಂಕಿರಲಿಲ್ಲ, ತಿಳಿಯಬೇಕೆಂದೇ ಕೇಳಿದ್ದ.

"ತುಂಬಾ ರುಚಿಯಾಗಿತ್ತು," ಎಂದೆ.