ಅಕ್ಕ ಕಾಯುವುದನ್ನು ಕಲಿತದ್ದು

ಮಾತನಾಡುವಾಗ ನನ್ನನ್ನು ಯಾರೂ ಪೂರ್ತಿ ಕೇಳಿಸಿಕೊಂಡಿಲ್ಲ. ಬರೆಯುವಾಗ ನಡುವೆ ಬಾಯಿ ಹಾಕಲು ಯಾರಿಗೂ ಆಗುವುದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ನನಗೆ ಮಾತು ಉಗ್ಗುತ್ತದೆ, ಚಿಕ್ಕಂದಿನಿಂದಲೂ. ಅದರಲ್ಲೂ ಪ, ಬ, ಮ ಬಂದರೆ ತುಟಿ ಬೀಗ ಹಾಕಿಕೊಂಡು ಕೂತುಬಿಡುತ್ತದೆ. ಫ್ಯಾನು, ಪಂಪುಗಳ ಮೋಟರಿಗೆ ತಂತಿ ಸುತ್ತುವುದು ನನ್ನ ಕೆಲಸ. ಸುಟ್ಟ ತಂತಿ ಬಿಚ್ಚಬೇಕು, ಹೊಸದು ಸುತ್ತಬೇಕು, ಅಷ್ಟೇ. ಮೋಟರು ನನ್ನನ್ನು ಏನೂ ಕೇಳುವುದಿಲ್ಲ. ಕೇಳುವವರು ಗಿರಾಕಿಗಳು, ಅವರಿಗೆ ಉತ್ತರ ಕೊಡಲು ಅಕ್ಕ ಇದ್ದಳು.

ಅಕ್ಕನಿಗೆ ನಮ್ಮ ಬೀದಿಯವರು ಇಟ್ಟ ಹೆಸರು ಮೈಕು. ಅವಳು ಮಹಡಿಯ ಮೇಲೆ ನಿಂತು ಅಮ್ಮನ ಹತ್ತಿರ ಸೋಪು ಕೇಳಿದರೆ ಎದುರುಮನೆಯವರು ತಂದುಕೊಡುತ್ತಿದ್ದರು. ಶಾಲೆಯಲ್ಲಿ ಮೇಷ್ಟ್ರು ನನ್ನ ಹೆಸರು ಕೂಗಿದರೆ ಪಕ್ಕದ ತರಗತಿಯಿಂದಲೇ "ಬಂದಿದ್ದಾನೆ ಸಾರ್" ಎಂದವಳು ಅವಳು. ನಾನು 'ನಾ' ಎನ್ನುವಷ್ಟರಲ್ಲಿ ಗಿರಾಕಿಗೆ "ನಾಳೆ ಕೊಡ್ತಾನಂತೆ" ಎಂದು ಹೇಳಿ ಮುಗಿಸಿರುತ್ತಿದ್ದಳು. ನಾನು ಹೇಳಹೊರಟದ್ದು 'ನಾನು ಇದನ್ನ ಮುಟ್ಟಲ್ಲ' ಅಂತ. ಆಮೇಲೆ ಹಲ್ಲು ಕಚ್ಚಿಕೊಂಡು ಆ ಹಾಳು ಪಂಪನ್ನು ಸುತ್ತಿ ಕೊಡುತ್ತಿದ್ದೆ. ಇಬ್ಬರಿಗೂ ಸೇರಿಸಿ ದೇವರು ಒಂದೇ ಬಾಯಿ ಕೊಟ್ಟ, ಅದನ್ನು ಇವಳ ಮುಖಕ್ಕೆ ಇಟ್ಟ ಎಂದು ಅಮ್ಮ ಹೇಳುತ್ತಿದ್ದಳು.

ಆ ಬಾಯಿಯಿಂದಲೇ ಅವಳು ಕನ್ನಡಕದ ಅಂಗಡಿಯೊಂದರ ಕೌಂಟರಿನಲ್ಲಿ ವರ್ಷಗಟ್ಟಲೆ ದುಡಿದಳು. ಮದುವೆಯೂ ಆಯಿತು. ಅದು ಹೊಂದಿಕೆಯಾಗದೆ ಒಂದು ಸೂಟ್‌ಕೇಸು ಹಿಡಿದು ವಾಪಸ್ಸು ಬಂದಳು. ಬಂದವಳು ಸುಮ್ಮನೆ ಕೂರಲಿಲ್ಲ. ಮಾತು ಬಾರದವರಿಗೆ, ಮಾತು ಕಳೆದುಕೊಂಡವರಿಗೆ ಮಾತು ಕಲಿಸುವ ಕೋರ್ಸು ಇದೆಯಂತೆ, ಸೇರುತ್ತೇನೆ ಎಂದಳು. ಮೂವತ್ತು ದಾಟಿದ ಮೇಲೆ ಇದೇನು ಹುಚ್ಚು ಎಂದು ಅಮ್ಮ ತಲೆ ಚಚ್ಚಿಕೊಂಡಳು. ಯಾರಿಗಾಗಿ ಸೇರುತ್ತಿದ್ದಾಳೆ ಎಂದು ಅಕ್ಕ ಬಾಯಿಬಿಟ್ಟು ಹೇಳಲಿಲ್ಲ, ನಾನೂ ಕೇಳಲಿಲ್ಲ. ಕೇಳದೆಯೇ ಗೊತ್ತಿತ್ತು. ಗೊತ್ತಿದ್ದದ್ದಕ್ಕೆ ಸಂತೋಷವೂ ಆಗಿತ್ತು, ಸಿಟ್ಟೂ ಬಂದಿತ್ತು. ನಾನೇನು ಕೆಟ್ಟುಹೋದ ಮೋಟರೇ?

ಪುಸ್ತಕದ ಪಾಠದಲ್ಲಿ ಅವಳನ್ನು ಹಿಡಿಯುವವರಿರಲಿಲ್ಲ. ಆಂಟಿ ಎಂದು ರೇಗಿಸುತ್ತಿದ್ದ ಹುಡುಗಿಯರೇ ಪರೀಕ್ಷೆ ಬಂದಾಗ ನಮ್ಮ ಮನೆಗೆ ಬಂದು ಅವಳಿಂದ ಹೇಳಿಸಿಕೊಂಡು ಹೋಗುತ್ತಿದ್ದರು. ಮುಗ್ಗರಿಸಿದ್ದು ಆಸ್ಪತ್ರೆಯ ತರಬೇತಿಯಲ್ಲಿ. ಅದಕ್ಕೆ ಅವರು ಪೋಸ್ಟಿಂಗ್ ಎನ್ನುತ್ತಾರೆ. ಒಂದು ಸಣ್ಣ ಕೋಣೆ, ಮೇಜು, ಎರಡು ಕುರ್ಚಿ. ಒಂದರಲ್ಲಿ ರೋಗಿ, ಇನ್ನೊಂದರಲ್ಲಿ ವಿದ್ಯಾರ್ಥಿ. ಗೋಡೆಯಲ್ಲಿ ಒಂದು ಗಾಜು. ಆಚೆಯಿಂದ ಅಂಕ ಹಾಕುವ ಗೈಡ್ ಮೇಡಂ ನೋಡುತ್ತಾರೆ, ಈಚೆಯವರಿಗೆ ಅವರು ಕಾಣುವುದಿಲ್ಲ. ಚಮಚದ ಚಿತ್ರ ತೋರಿಸಿ ಇದೇನು ಎಂದು ಕೇಳಬೇಕು. ಕೇಳಿ, ಬಾಯಿ ಮುಚ್ಚಿಕೊಂಡು ಕಾಯಬೇಕು. ಲಕ್ವ ಹೊಡೆದವರ ತಲೆಯಲ್ಲಿ ಮಾತು ಎಲ್ಲೋ ಸಿಕ್ಕಿಕೊಂಡಿರುತ್ತದೆ, ಅದನ್ನು ಅವರೇ ಹುಡುಕಿ ತರಬೇಕು. ತುಂಬಾ ಕಷ್ಟಪಟ್ಟರೆ ಮೊದಲ ಅಕ್ಷರದ ಸದ್ದು ಕೊಡಬಹುದು. ಪೂರ್ತಿ ಪದ ಮಾತ್ರ ಕೊಡಕೂಡದು.

ಅಕ್ಕ ಪೂರ್ತಿ ಪದವನ್ನಲ್ಲ, ಪೂರ್ತಿ ಊಟವನ್ನೇ ಬಡಿಸಿಬಿಟ್ಟಳು. ರೋಗಿ 'ಚ' ಎನ್ನುವ ಮೊದಲೇ ಚಮಚ ಎಂದಳು, ಅದರಿಂದ ಏನು ಮಾಡುತ್ತಾರೆ ಎಂದೂ ತಾನೇ ಹೇಳಿದಳು, ನಿಮ್ಮ ಮನೆಯಲ್ಲೂ ಇರಬೇಕಲ್ಲ ಎಂದಳು. ಪಾಪ, ಅವರು ತಲೆಯಾಡಿಸಿದರು. ಇಡೀ ಪೋಸ್ಟಿಂಗ್ ಹಾಗೇ ನಡೆಯಿತು. ಕೊನೆಯಲ್ಲಿ ಗೈಡ್ ಮೇಡಂ ಅವಳನ್ನು ಫೇಲು ಮಾಡಿದರು. ಒಂದು ಪೋಸ್ಟಿಂಗನ್ನು ಒಂದೇ ಸಲ ಮತ್ತೆ ಮಾಡಬಹುದು, ಅದರಲ್ಲೂ ಹೋದರೆ ಕೋರ್ಸಿನಿಂದಲೇ ಹೊರಗೆ. ಕನ್ನಡಕದ ಅಂಗಡಿಯಲ್ಲಿ ಅವಳ ಜಾಗಕ್ಕೆ ಬೇರೆಯವರು ಬಂದಾಗಿತ್ತು. ಗಂಡನ ಮನೆಯ ಬಾಗಿಲು ಮುಚ್ಚಿತ್ತು. ಅವಳಿಗೆ ಉಳಿದದ್ದು ಈ ಕೋರ್ಸು ಒಂದೇ.

ಆವತ್ತು ಸಂಜೆ ಅಕ್ಕ ಅಡುಗೆಮನೆಯ ಮೇಜಿಗೆ ತಲೆಕೊಟ್ಟು ಅತ್ತಳು. ಅವಳು ಅಳುವುದೂ ಬೀದಿಗೆಲ್ಲ ಕೇಳಿಸುವಂಥದ್ದು. ಅಂದು ಮಾತ್ರ ಸದ್ದಿರಲಿಲ್ಲ.

"ನಾನು ರೋಗಿಗಳ ಬಾಯಿಂದ ಮಾತು ಕಿತ್ಕೋತೀನಂತೆ ಕಣೋ," ಎಂದಳು. "ನಿನ್ನ ಬಾಯಿಂದಾನೂ ಹಂಗೇ ಕಿತ್ಕೊಂಡ್ನಾ?"

ಹೌದು ಎನ್ನಲು ಹೋದೆ. ಮೊದಲ ಅಕ್ಷರ ಬರುವಷ್ಟರಲ್ಲಿ ಅವಳೇ ಹೌದಲ್ಲ ಎಂದುಬಿಟ್ಟಳು. ಇಬ್ಬರಿಗೂ ನಗು ಬಂತು. ನಕ್ಕ ಮೇಲೆ ಅವಳು ಬೀದಿಗೆಲ್ಲ ಕೇಳಿಸುವ ಹಾಗೆ ಅತ್ತಳು.

ಮರುದಿನದಿಂದ ನಾನು ಅವಳ ರೋಗಿಯಾದೆ. ಅಂಗಡಿ ಮುಚ್ಚಿ ಬಂದು, ಗ್ರೀಸು ತೊಳೆದು, ಅದೇ ಮೇಜಿನ ಎದುರು ಕೂರುತ್ತಿದ್ದೆ. ಅವಳು ಚಿತ್ರ ತೋರಿಸಿ ಕೇಳುತ್ತಿದ್ದಳು, ನಾನು ಉಗ್ಗುತ್ತಿದ್ದೆ, ಅವಳು ಬಾಯಿ ಹಾಕುತ್ತಿದ್ದಳು. ಎರಡೂ ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕೂತರೂ ಬಾಯಿ ನಿಲ್ಲಲಿಲ್ಲ. ಕೊನೆಗೆ ಬಾಯಿ ತುಂಬ ನೀರು ತುಂಬಿಕೊಂಡು ಕೂತಳು. ಬಾಳೆಹಣ್ಣಿನ ಚಿತ್ರಕ್ಕೆ ನಾನು 'ಬ'ದ ಹತ್ತಿರ ಮುಖ ಕಿವುಚುತ್ತಿದ್ದರೆ ಅವಳ ಕೆನ್ನೆ ಉಬ್ಬಿ, ಕಣ್ಣು ಹೊರಬಂದು, ನೀರೆಲ್ಲ ನನ್ನ ಮೇಲೆ, ಚಿತ್ರಗಳ ಮೇಲೆ. ಅಮ್ಮ ಒರೆಸುವ ಬಟ್ಟೆ ತಂದು ಇಬ್ಬರ ಮುಂದೆಯೂ ಎಸೆದು ಹೋದಳು.

ಆದರೆ ಅವಳು ಹಟಮಾರಿ. ಬರಬರುತ್ತಾ ಕಲಿತಳು. ನೀರಿಲ್ಲದೆಯೇ ತುಟಿ ಮುಚ್ಚಿ, ನನ್ನ ಮುಖ ನೋಡುತ್ತಾ, ಕಣ್ಣಿನಲ್ಲಿ ಅವಸರ ತೋರಿಸದೆ ಕಾಯತೊಡಗಿದಳು. ನನಗಂತೂ ಅದೊಂದು ವಿಚಿತ್ರ ಸುಖ. ಒಂದು ಸಂಜೆ ಆ ಮೇಜಿನಲ್ಲಿ ನಾನು ಒಂದು ವಾಕ್ಯವನ್ನು ಮೊದಲಿನಿಂದ ಕೊನೆಯವರೆಗೆ ಹೇಳಿ ಮುಗಿಸಿದೆ. ಟೀಗೆ ಮನೆಯಲ್ಲಿ ಮೊದಲಿನಿಂದಲೂ ಸಕ್ಕರೆ ಜಾಸ್ತಿ ಹಾಕುತ್ತಾರೆ, ನನಗೆ ಸೇರುವುದಿಲ್ಲ, ಎಂದು. ಇಷ್ಟು ವರ್ಷ ಯಾಕೆ ಹೇಳಲಿಲ್ಲ ಎಂದು ಅಮ್ಮ ಮುನಿಸಿಕೊಂಡಳು. ಹೇಳಲು ಬಿಟ್ಟಿದ್ದರಲ್ಲವೇ?

ಎರಡನೆಯ ಪೋಸ್ಟಿಂಗಿನಲ್ಲಿ ಅವಳ ಪಾಲಿಗೆ ಬಂದವರು ನಿವೃತ್ತರಾದ ಬಸ್ ಡ್ರೈವರ್. ಲಕ್ವ ಹೊಡೆದು ಬಲಗೈ ಸೋತಿತ್ತು, ಮಾತು ಹೋಗಿತ್ತು. ಹೇಳಿದ್ದೆಲ್ಲ ಅರ್ಥವಾಗುತ್ತಿತ್ತು, ನಗುವೂ ಬರುತ್ತಿತ್ತು. ಅವರ ಹೆಂಡತಿ ನಮ್ಮಕ್ಕನಿಗಿಂತ ಒಂದು ಕೈ ಮೇಲು. ಗಂಡನಿಗೆ ಕೇಳಿದ ಪ್ರತಿ ಪ್ರಶ್ನೆಗೂ ಆಕೆಯೇ ಉತ್ತರ ಕೊಡುತ್ತಿದ್ದರು. ಅದಕ್ಕೇ ಗೈಡ್ ಮೇಡಂ ಆಕೆಯನ್ನು ಹೊರಗಿನ ಬೆಂಚಿನ ಮೇಲೆ ಕೂರಿಸಿ, ಒಳಗೆ ಸದ್ದಿಲ್ಲದಿದ್ದರೆ ಕೆಲಸ ನಡೆಯುತ್ತಿದೆ ಎಂದು ತಿಳಿದುಕೊಳ್ಳಿ, ಬಾಗಿಲು ತೆಗೆಯಬೇಡಿ ಎಂದಿದ್ದರು. ಆಕೆಯನ್ನು ನೋಡಿದರೆ ಕನ್ನಡಿ ನೋಡಿದ ಹಾಗಾಗುತ್ತದೆ ಎಂದು ಅಕ್ಕ ಮನೆಯಲ್ಲಿ ಹೇಳುತ್ತಿದ್ದಳು.

ಡ್ರೈವರ್ ಬಾಯಿಂದ ಮೊದಲು ಬಂದ ಪದ ಬ್ರೇಕು. ಆಮೇಲೆ ನೀರು. ಆಮೇಲೆ ಒಂದು ದಿನ, ತುಂಬಾ ಹೊತ್ತು ಕೂತು, ಹೆಂಡತಿಯ ಹೆಸರು. ಅಂದು ಅಕ್ಕ ಬಸ್ಸಿಳಿದವಳು ಮನೆಗೂ ಹೋಗದೆ ನೇರ ನನ್ನ ಅಂಗಡಿಗೆ ಓಡಿಬಂದು, ಗಿರಾಕಿಗಳ ಮುಂದೆಯೇ ನನ್ನ ತಲೆ ಹಿಡಿದು ಅಲ್ಲಾಡಿಸಿದಳು. "ಕಾದೆ ಕಣೋ! ನಾನು ಬರೀ ಕಾದೆ, ಅವರೇ ಹೇಳಿದ್ರು."

ಕೊನೆಯ ಪರೀಕ್ಷೆಯೂ ಅವರ ಜೊತೆಗೇ. ಬಿಳಿ ಕೋಟಿಗೆ ಎರಡೆರಡು ಸಲ ಇಸ್ತ್ರಿ ಮಾಡಿದಳು. ಧೈರ್ಯಕ್ಕೆ ಜೊತೆಗೆ ಬಾ ಎಂದಳು, ಅಂಗಡಿ ಮುಚ್ಚಿ ಹೋದೆ. ಡ್ರೈವರ್ ಗಾಲಿಕುರ್ಚಿಯಲ್ಲಿ ಬಂದರು, ನನ್ನನ್ನು ನೋಡಿ ಎಡಗೈ ಎತ್ತಿದರು. ಸ್ವಲ್ಪ ಬಾಡಿದ ಹಾಗಿದ್ದರು. ನಿನ್ನೆಯಿಂದ ತಲೆನೋವು ಅನ್ನುವ ಹಾಗೆ ತೋರಿಸುತ್ತಾರೆ ಎಂದು ಹೆಂಡತಿ ಹೇಳಿದ್ದಕ್ಕೆ ನರ್ಸ್ ಬಿಪಿ ನೋಡಿ, ಪರವಾಗಿಲ್ಲ ಎಂದಳು. ಬಾಗಿಲು ಮುಚ್ಚಿತು. ನಾನೂ ಅವರ ಹೆಂಡತಿಯೂ ಬೆಂಚಿನ ಮೇಲೆ ಕೂತೆವು.

ಮೊದಮೊದಲು ಒಳಗಿನಿಂದ ಅಕ್ಕನ ಧ್ವನಿ, ನಡುನಡುವೆ ಡ್ರೈವರ್ ಧ್ವನಿ ಕೇಳಿಸುತ್ತಿತ್ತು. ಆಮೇಲೆ ಅಕ್ಕ ಏನೋ ಕೇಳಿದಳು, ಸದ್ದು ನಿಂತಿತು. ಸದ್ದಿಲ್ಲದಿದ್ದರೆ ಒಳ್ಳೆಯದಂತೆ ತಮ್ಮಾ, ಎಂದು ಆಕೆ ನನಗೆ ಹೇಳಿದರು. ನನ್ನ ಎದೆ ಹಿಗ್ಗಿ ಆಕಾಶಕ್ಕೆ ಹೋಗಿತ್ತು. ನಮ್ಮ ಮೈಕು ಬಾಯಿ ಮುಚ್ಚಿಕೊಂಡು ಕಾಯುತ್ತಿದ್ದಾಳೆ! ಇನ್ನೂ ಕಾಯುತ್ತಿದ್ದಾಳೆ! ಪಾಸಾದಳು ಎಂದುಕೊಂಡೆ. ಆಕೆ ಸೆರಗಿನ ತುದಿಯನ್ನು ಸುತ್ತುತ್ತಾ ಬಾಗಿಲನ್ನೇ ನೋಡುತ್ತಿದ್ದರು.

ಒಳಗೆ ನಡೆದದ್ದು ಇಷ್ಟು. ಅಕ್ಕ ಒಂದು ಮಗುವಿನ ಚಿತ್ರ ತೋರಿಸಿದಳು. ಡ್ರೈವರ್ ಬಾಯಿ ತೆರೆದರು. ತುಟಿ ಏನನ್ನೋ ಹುಡುಕುವ ಹಾಗೆ ಅಲುಗಿತು, ಕಣ್ಣು ಚಿತ್ರದ ಮೇಲೆ ನೆಟ್ಟಿತು. ಬ್ರೇಕು ಹೇಳುವಾಗಲೂ, ಹೆಂಡತಿಯ ಹೆಸರು ಹೇಳುವಾಗಲೂ ಅವರು ಹೀಗೇ ಮಾಡಿದ್ದರು. ಅಕ್ಕ ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡು, ಅವಸರ ತೋರಿಸದೆ ಕಾದಳು. ಗಾಜಿನ ಆಚೆ ಗೈಡ್ ಮೇಡಂ ಅಂಕ ಬರೆಯುತ್ತಿದ್ದರು. ಮೇಜಿನ ಮೇಲಿದ್ದ ಡ್ರೈವರ್ ಅವರ ಎಡಗೈ, ಆ ಒಳ್ಳೆಯ ಕೈ, ನಿಧಾನವಾಗಿ ಜಾರಿ ಕೆಳಗೆ ಬಿತ್ತು. ಆಗ ಅಕ್ಕ ಕೂಗಿದಳು. ಆ ಕೂಗು ಇಡೀ ಆಸ್ಪತ್ರೆಗೆ ಕೇಳಿಸಿರಬೇಕು.

ಬಾಗಿಲು ತೆರೆಯಿತು, ನರ್ಸುಗಳು ಓಡಿಬಂದರು, ಸ್ಟ್ರೆಚರ್ ಬಂತು. ಡ್ರೈವರ್ ತಲೆಯೊಳಗೆ ಮತ್ತೊಮ್ಮೆ ರಕ್ತನಾಳ ಒಡೆದಿತ್ತು. ಸ್ಟ್ರೆಚರಿನ ಹಿಂದೆ ಓಡಹೊರಟ ಅವರ ಹೆಂಡತಿ ಅಕ್ಕನ ಮುಂದೆ ಒಂದು ಕ್ಷಣ ನಿಂತರು. ಜಗಳ ಮಾಡುವ ಧ್ವನಿಯಲ್ಲ, ನಿಜವಾಗಿಯೂ ತಿಳಿದುಕೊಳ್ಳಬೇಕು ಎನ್ನುವ ಧ್ವನಿ.

"ಅವರಿಗೆ ಹಂಗಾಗ್ತಿದ್ರೆ ನೀನು ನೋಡ್ತಾ ಕೂತಿದ್ದೇನಮ್ಮಾ?"

ಅಕ್ಕ ಬಾಯಿ ತೆರೆದಳು. ಅವಳಿಗೆ ಮಾತು ಬರಲಿಲ್ಲ. ಅವಳ ಪರವಾಗಿ ಉತ್ತರ ಕೊಡಬೇಕಾದವನು ನಾನು, ನನಗೆಲ್ಲಿ ಬರಬೇಕು? ನನ್ನ ಹಾಳು ತುಟಿಯನ್ನು ಕಿತ್ತು ಎಸೆಯೋಣ ಎನ್ನಿಸಿತು. ಆಕೆ ಓಡಿಹೋದರು.

ವಾರ ತುಂಬುವ ಮೊದಲೇ ಡ್ರೈವರ್ ತೀರಿಕೊಂಡರು. ಅಷ್ಟು ಹೊತ್ತು ಮುಂಚೆ ಗೊತ್ತಾಗಿದ್ದರೂ ಉಳಿಯುತ್ತಿರಲಿಲ್ಲ ಎಂದು ಡಾಕ್ಟರು ಹೇಳಿದರು. ಅಕ್ಕನಿಗೆ ಅದನ್ನು ಅಮ್ಮ ಹೇಳಿದಳು, ಗೆಳತಿಯರು ಫೋನು ಮಾಡಿ ಹೇಳಿದರು. ಹೇಳಿದವರಿಗೆಲ್ಲ ಅವಳು ಹೂಂ ಎಂದಳು. ಆಮೇಲೆ ಫೋನು ತೆಗೆಯುವುದನ್ನೇ ಬಿಟ್ಟಳು. ಎದುರುಮನೆಯಾಕೆ ಬಂದು, ಮೈಕಿನ ಸದ್ದಿಲ್ಲವಲ್ಲ, ಊರಿಗೆ ಹೋಗಿದ್ದಾಳಾ ಎಂದು ವಿಚಾರಿಸಿದರು.

ಅದಾದ ಮೇಲೆ ಗೈಡ್ ಮೇಡಂ ವಿಳಾಸ ಹುಡುಕಿಕೊಂಡು ನನ್ನ ಅಂಗಡಿಗೆ ಬಂದರು. ಸುಟ್ಟ ತಂತಿಯ ವಾಸನೆಯ ನಡುವೆ, ಕೂರಿ ಎಂದರೂ ಕೂರದೆ ನಿಂತರು. ನಾನು ಆಕೆಯನ್ನು ಬೈಯಬೇಕೆಂದು ಮನಸ್ಸಿನಲ್ಲಿ ಏನೇನೋ ಜೋಡಿಸಿಟ್ಟುಕೊಂಡಿದ್ದೆ. ಮುಖ ನೋಡಿದ ಮೇಲೆ ಆಗಲಿಲ್ಲ, ಆಕೆಯೂ ನಿದ್ದೆಗೆಟ್ಟಿದ್ದರು.

"ನಿಮ್ಮಕ್ಕ ಪಾಸಾಗಿದ್ದಾರೆ. ಕಾಯೋದಕ್ಕೆ ಪೂರ್ತಿ ಅಂಕ ಹಾಕಿದೀನಿ," ಎಂದರು. "ಅವರ ಕೈ ಜಾರೋವಾಗ ನಾನು ಅದನ್ನೇ ಬರೀತಿದ್ದೆ."

ಆಕೆ ಇನ್ನೂ ಏನೋ ಹೇಳುವವರಿದ್ದರು. ನಾನು ಕಾದೆ, ಅದು ಬರಲಿಲ್ಲ. ಅಕ್ಕನಿಗೆ ನೀವೇ ತಿಳಿಸಿ ಎಂದು ಹೇಳಿ ಹೊರಟುಹೋದರು.

ಅಂಗಡಿ ಮುಚ್ಚಿ ಮನೆಗೆ ನಡೆದೆ. ದಾರಿಯುದ್ದಕ್ಕೂ ಪಾಸು ಎನ್ನುವ ಆ ಒಂದು ಪದವನ್ನು ತಿರುಗಿಸಿ ಮುರುಗಿಸಿ ನೋಡಿದೆ. ಬೇರೆ ಯಾವ ಪದದಲ್ಲಾದರೂ ಹೇಳಬಹುದೇ ಎಂದು ಹುಡುಕಿದೆ. ಉಗ್ಗುವವರೆಲ್ಲ ಬಲ್ಲ ಉಪಾಯ ಅದು. ಆದರೆ ಇದು ಅಕ್ಕ ಪಟ್ಟ ಪಾಡಿನ ಪದ, ಅದನ್ನೇ ಹೇಳಬೇಕು ಎನ್ನಿಸಿತು. ಅವಳಿಗೆ ಖುಷಿಯಾಗುವುದಿಲ್ಲ ಎಂದು ಗೊತ್ತಿತ್ತು. ಆದರೂ ಕೈಬಿಟ್ಟುಹೋಗುತ್ತಿರುವ ಬದುಕಿಗೆ ಹಿಡಿದುಕೊಳ್ಳಲು ಏನಾದರೂ ಬೇಕಲ್ಲ.

ಅಕ್ಕ ಅಡುಗೆಮನೆಯ ಮೇಜಿನ ಹತ್ತಿರ ಕೂತಿದ್ದಳು. ಎದುರಿನ ಕುರ್ಚಿ ಎಳೆದು ಕೂತೆ. ಅಕ್ಕಾ, ನೀನು, ಎಂದೆ. 'ಪ'ದ ಹತ್ತಿರ ತುಟಿ ಬಿಗಿಯಿತು. ಅವಳು ಪದವನ್ನು ಊಹಿಸಿ ಕೊಡಲಿಲ್ಲ. ತುಟಿ ಮುಚ್ಚಿ, ಅವಸರ ತೋರಿಸದೆ ಕಾಯಲೂ ಇಲ್ಲ. ಅವಳ ಮುಖ ಬಿಳುಚಿಕೊಂಡಿತು. ಕುರ್ಚಿ ಹಿಂದಕ್ಕೆ ಬೀಳುವಂತೆ ಎದ್ದು ಬಂದು ನನ್ನ ಗಲ್ಲವನ್ನು ಎರಡೂ ಕೈಯಲ್ಲಿ ಹಿಡಿದು, ಬೆಳಕಿನ ಕಡೆ ತಿರುಗಿಸಿ, ಲಕ್ವ ಹೊಡೆದವರ ಹಾಗೆ ತುಟಿ ಸೊಟ್ಟಗಿದೆಯೇ ಎಂದು ನೋಡಿದಳು.

"ಕೈ ಎತ್ತು," ಎಂದಳು. "ಎರಡೂ ಕೈ ಎತ್ತೋ."

ಎತ್ತಿದೆ. ಎರಡೂ ಕೈ ಮೇಲೆ ಮಾಡಿಕೊಂಡೇ, ನಾಲ್ಕಾರು ಸಲ ತಡವರಿಸಿ, ಪಾಸಾದೆ ಎಂದು ಹೇಳಿದೆ.

"ಇಳಿಸಬೇಡ," ಎಂದಳು ಅಕ್ಕ. "ಇನ್ನೂ ಸ್ವಲ್ಪ ಹೊತ್ತು ಹಂಗೇ ಇರು."