ಗಿರಣಿ ಗುಡುಗಿದರೆ ಕಳ್ಳನಿಗೆ ಕಿವುಡು

ಬೆಳಗಿನ ಆರು ಗಂಟೆ. ಸೇಡಂ ತಾಲೂಕಿನ ಆಡಕಿಯ ಹಿಟ್ಟಿನ ಗಿರಣಿಯ ಮುಂದೆ ಜೋಳದ ಬುಟ್ಟಿಗಳು ಆಗಲೇ ಪಾಳಿ ಹಚ್ಚಿವೆ. ಜೋಳ ಬೀಸಿಸಲು ಬಂದ ಸಿದ್ದಣ್ಣನ ಫೋನು ಬಡಿದುಕೊಳ್ಳುತ್ತದೆ. ಮಾವನ ಮುಂದೂ ನೆಟ್ಟಗೆ ನಿಲ್ಲದ ಆಸಾಮಿ ಎದ್ದು ನಿಂತು, "ಹೌದ್ರಿ ಸರ್, ಬ್ಯಾಂಕಿಂದಾ ಸರ್?" ಎನ್ನುತ್ತಾನೆ. ಹುಬ್ಬಿನ ತನಕ ಹಿಟ್ಟು ಮೆತ್ತಿಕೊಂಡ, ಗಿರಣಿ ನಡೆಸುವ ಭೀಮಮ್ಮ ಅವನ ಮುಖವನ್ನೇ ನೋಡುತ್ತಿದ್ದಾಳೆ. ಅವನು ಓಟಿಪಿ ಓದಲು ಕನ್ನಡಕ ಏರಿಸುವುದಕ್ಕೂ ಈಕೆ ಸ್ವಿಚ್ಚು ಒತ್ತುವುದಕ್ಕೂ ಸರಿಹೋಗುತ್ತದೆ. ಗಿರಣಿ ಗುಡುಗುತ್ತದೆ. ಸಿದ್ದಣ್ಣ ಗಂಟಲು ಹರಿದುಕೊಳ್ಳುತ್ತಾನೆ. ಆ ಕಡೆಯವನು ಬೇಸತ್ತು ಫೋನು ಇಡುತ್ತಾನೆ.

ಕಾಳಿಲ್ಲದೆ ತಿರುಗಿಸಿದರೆ ಕಲ್ಲು ಸವೆಯುತ್ತದೆ. "ಸವೀಲಿ ಬಿಡ್ರಿ," ಎನ್ನುತ್ತಾಳೆ ಭೀಮಮ್ಮ. "ಕಲ್ಲು ಬದಲಸಬಹುದು. ಖಾತೆದಾಗಿಂದ ಹೋಗಿದ್ದು ತಿರುಗಿ ಬರಂಗಿಲ್ಲ."

ದಿನಕ್ಕೆ ಎರಡು ಕ್ವಿಂಟಲ್ ಜೋಳ, ವಾರಕ್ಕೆ ಎರಡೋ ಮೂರೋ ಕಳ್ಳರು: ಇದು ಈಕೆಯ ದುಡಿಮೆ. ಓಟಿಪಿ ಹೇಳಬೇಡಿ ಎಂದು ಗೋಡೆಗೆ ಪೋಸ್ಟರ್ ಅಂಟಿಸಿ ಕೈ ತೊಳೆದುಕೊಂಡ ದೊಡ್ಡವರು ಒಂದು ದಿನ ಇಲ್ಲಿ ಬಂದು ನಿಲ್ಲಬೇಕು.

ಈ ಬುದ್ಧಿ ಸುಮ್ಮನೆ ಬಂದದ್ದಲ್ಲ. ಎರಡು ವರ್ಷದ ಹಿಂದೆ ವಾಟ್ಸಾಪಿನಲ್ಲಿ ಈಕೆಗೊಂದು ಲಗ್ನಪತ್ರಿಕೆ ಬಂತು. ಕರೆದವರ ಪತ್ರಿಕೆ ಬಿಚ್ಚದಿದ್ದರೆ ಮರ್ಯಾದೆಯೇ? ಒತ್ತಿದಳು. ಅದು ಪತ್ರಿಕೆಯಲ್ಲ, ಫೋನಿನೊಳಗೆ ಹೊಕ್ಕು ಕೂರುವ ಕಳ್ಳ ಆ್ಯಪು. ಖಾತೆ ಖಾಲಿಯಾಗುತ್ತಿದ್ದಾಗ ಈಕೆ ಮದುವೆ ಯಾರದೆಂದು ಊರೆಲ್ಲ ಕೇಳುತ್ತ, ಉಡುಗೊರೆಯ ಆಯೇರಿಗೆಂದು ಕುಪ್ಪಸದ ಖಣ ಆರಿಸುತ್ತಿದ್ದಳು. "ನಾಚಿಕಿ ಬಂದು ಎಂಟು ದಿನ ಬಾಯಿ ಬಿಡಲಿಲ್ಲ. ಅದೇ ದೊಡ್ಡ ತಪ್ಪು ನೋಡ್ರಿ. ಆಗಿಂದಾಗ ಸೈಬರ್ ಪೊಲೀಸರ ೧೯೩೦ಕ್ಕ ಫೋನ್ ಹಚ್ಚಿದ್ರ ಸ್ವಲ್ಪರೆ ಉಳೀತಿತ್ತು."

ಹೋದ ಮಂಗಳವಾರ ಅನಸುಬಾಯಿಯ ಸರದಿ. ಮೊಮ್ಮಗಳು ರಾಧಿಕಾಳ ನರ್ಸಿಂಗ್ ಕಾಲೇಜಿನ ಫೀಸು ಈ ಮುದುಕಿಯ ಖಾತೆಯಲ್ಲಿತ್ತು. ಗಿರಣಿಯ ಪಾಳಿಯಲ್ಲಿ ನಿಂತಿದ್ದಾಗಲೇ ಫೋನಿನ ವಿಡಿಯೋದಲ್ಲಿ ಖಾಕಿ ತೊಟ್ಟವನೊಬ್ಬ ಬಂದು, ನಿನ್ನ ಹೆಸರಿನ ಪಾರ್ಸಲ್ಲಿನಲ್ಲಿ ಅಫೀಮು ಸಿಕ್ಕಿದೆ, ಫೋನು ಕಟ್ ಮಾಡಿದರೆ ಜೀಪು ಬರುತ್ತದೆ ಎಂದು ಹಿಂದಿ ಬೆರೆತ ಕನ್ನಡದಲ್ಲಿ ಗದರಿಸಿದ. ಪೊಲೀಸರು ವಿಡಿಯೋದಲ್ಲಿ ಯಾರನ್ನೂ ಹಿಡಿಯುವುದಿಲ್ಲ ಎಂದು ಭೀಮಮ್ಮ ಎಷ್ಟು ಹೇಳಿದರೂ ಮುದುಕಿ ಫೋನು ಬಿಡಲಿಲ್ಲ. ಅವನು ಓಟಿಪಿ ಕೇಳಿದ. ಭೀಮಮ್ಮ ಸ್ವಿಚ್ಚು ಒತ್ತಿದಳು. ಕರೆಂಟಿಲ್ಲ.

"ನಾಕು, ಏಳು..." ಅನಸುಬಾಯಿ ಓದತೊಡಗಿದಳು.

"ಒಂಬತ್ತು, ಎರಡು, ಎರಡು!" ಭೀಮಮ್ಮ ಕೂಗಿ, ಪಾಳಿಯಲ್ಲಿದ್ದ ಹೆಂಗಸರಿಗೆ ಕಣ್ಣು ಮಿಟುಕಿಸಿದಳು. ಹನ್ನೊಂದು ಬಾಯಿಗಳು ತೆರೆದವು. ಒಬ್ಬಳು ಮನೆ ನಂಬರು, ಇನ್ನೊಬ್ಬಳು ರೇಷನ್ ಕಾರ್ಡು, ಜಬೀನ್ ತನ್ನ ಐದು ಮಕ್ಕಳ ವಯಸ್ಸು. ಒಬ್ಬೊಬ್ಬರೇ ಹೇಳಿ ಎಂದು ಖಾಕಿಯವನು ಬೇಡಿಕೊಂಡ.

"ಪಾಳಿ ಐತ್ರಿ ಸಾಹೇಬ್ರ, ನಿಂದ್ರಿ," ಎಂದಳು ಭೀಮಮ್ಮ.

ಸಿಕ್ಕಿದ ಅಂಕಿಯನ್ನೆಲ್ಲ ಅವನು ಒತ್ತಿದ್ದಿರಬೇಕು. ಮೂರು ಸಲ ತಪ್ಪಿ, ಬ್ಯಾಂಕು ಖಾತೆಗೆ ಅವತ್ತಿನ ಮಟ್ಟಿಗೆ ಬೀಗ ಹಾಕಿತು. ಸಾಹೇಬನೇ ಫೋನು ಕಟ್ ಮಾಡಿದ. ಭೀಮಮ್ಮ ಯಾರಿಗೂ ನಗಲು ಬಿಡದೆ ಮೊದಲು ೧೯೩೦ಕ್ಕೆ ಫೋನು ಹಚ್ಚಿದಳು, ಆಮೇಲೆ ಮುದುಕಿಯನ್ನು ಬ್ಯಾಂಕಿಗೆ ನಡೆಸಿದಳು.

ಶುಕ್ರವಾರ ಸೇಡಂನಲ್ಲಿ ಫೀಸು ಕಟ್ಟಿ ಬಂದ ಅನಸುಬಾಯಿ ಸೀದಾ ಗಿರಣಿಗೆ ಬಂದು ರಸೀದಿ ಹಿಡಿದಳು. ನೋಡಲೆಂದು ಭೀಮಮ್ಮ ಬಗ್ಗಿದರೆ, ಮುದುಕಿ ಹೆಬ್ಬೆರಳಿಂದ ಅರ್ಧ ಮುಚ್ಚಿಕೊಂಡಳು.

"ಹೆಸರು ಅಷ್ಟೇ ನೋಡು. ಕೆಳಗ ನಂಬರ್ ಅದಾವ, ನಿನಗೂ ತೋರ್ಸಂಗಿಲ್ಲ."

ಪ್ರಶಸ್ತಿ ಬೇಕೇ ಎಂದು ಕೇಳಿದರೆ ಭೀಮಮ್ಮ ಮುದುಕಿಯ ಈ ಮಾತನ್ನೇ ಹೇಳಿ ಸೆರಗಿನಿಂದ ಮುಖ ಒರೆಸಿಕೊಳ್ಳುತ್ತಾಳೆ. "ಆಯಿ ಕಲ್ತಾಳಲ್ರಿ. ಇನ್ನೇನ್ ಬೇಕು?"