ಹಲ್ಲು ನೋಡುವ ಮೊದಲು ಮೈಯ ಸುದ್ದಿ ಕೇಳುವ ಡಾಕ್ಟರು

ಹೈದರಾಬಾದಿನ ದಂತವೈದ್ಯರಲ್ಲಿ ಡಾ. ಪ್ರಾಜಕ್ತಾ ಭಾಲ್ಕಿಕರ್ ಅವರ ಹೆಸರು ಹೆಂಗಸರ ವಸಡಿನ ರೋಗಗಳ ಜೊತೆಗೇ ನೆನಪಾಗುತ್ತದೆ. ಹರೆಯ, ಮುಟ್ಟು, ಬಸಿರು, ಥೈರಾಯ್ಡು, ಮುಟ್ಟು ನಿಲ್ಲುವ ಕಾಲ, ಹೀಗೆ ಮೈಯೊಳಗಿನ ಹಾರ್ಮೋನು ಏರುಪೇರಾದಾಗ ಅದರ ಗುರುತು ಬಾಯಲ್ಲಿಯೂ ಕಾಣಬಹುದು ಎಂಬುದನ್ನು ಅವರು ಕಾಲೇಜಿನ ಹುಡುಗಿಯರಿಗೆ ಪಾಠವಾಗಿಯೂ ನಮ್ಮಂಥವರಿಗೆ ಮಾತಾಗಿಯೂ ಹೇಳುತ್ತ ಬಂದವರು. ಅವರ ವಿದ್ಯೆಯ ಬಗ್ಗೆ, ಅವರ ನಿವೃತ್ತಿಗೆಂದು ತರುತ್ತಿರುವ ಈ ಸಂಪುಟದಲ್ಲಿ ಅವರ ಶಿಷ್ಯರು ಬರೆದಿದ್ದಾರೆ. ಎಂಟನೆಯ ತರಗತಿಗೇ ಶಾಲೆ ಬಿಟ್ಟ ನಾನು ನಮ್ಮ ಮನೆಯಲ್ಲಿ ನಡೆದದ್ದನ್ನಷ್ಟೇ ಬರೆಯಬಲ್ಲೆ.

ಕೊಪ್ಪಳದ ಕಡೆಯವರಾದ ನಾವು ಹೈದರಾಬಾದಿನ ಉಪ್ಪಲ್‌ನಲ್ಲಿ ಕಟ್ಟಡದ ಕೆಲಸಕ್ಕೆ ಹೋಗುತ್ತಿದ್ದೆವು. ಅಣ್ಣ ಹುಲಗೇಶನ ಹೆಂಡತಿ, ನನ್ನ ವೈನಿ ದಾನೇಶ್ವರಿ, ಐದು ತಿಂಗಳ ಬಸುರಿಯಾಗಿದ್ದಾಗ ಅವಳ ಮುಂದಿನ ಹಲ್ಲುಗಳ ನಡುವೆ ವಸಡಿನಿಂದ ಕೆಂಪನೆಯ ಗಂಟೊಂದು ಎದ್ದಿತು. ಮುಟ್ಟಿದರೆ ರಕ್ತ. ರಕ್ತ ಬರುತ್ತದೆಂದು ಅವಳು ಹಲ್ಲುಜ್ಜುವುದನ್ನೇ ಬಿಟ್ಟಳು. ಗಂಟು ಇನ್ನೂ ಊದಿತು. ನಮ್ಮ ಮನೆಗಳ ಸಾಲಿನ ಹೆಂಗಸೊಬ್ಬಳು ಇದು ಕ್ಯಾನ್ಸರೇ ಸೈ, ಔಷಧ ಶುರುವಾದರೆ ಕೂಸನ್ನು ಉಳಿಸಿಕೊಳ್ಳಲಾಗದು ಎಂದಳು. ಆಮೇಲೆ ಮನೆಯಲ್ಲಿ ಯಾರೂ ಕೂಸಿನ ಮಾತು ಎತ್ತಲಿಲ್ಲ. ತೊಟ್ಟಿಲಿನ ಬೆಲೆ ಕೇಳಿಬಂದಿದ್ದ ಅಣ್ಣ ಅದನ್ನು ಮರೆತವನಂತೆ ಇರುತ್ತಿದ್ದ.

ನಾನು, ವೈನಿ, ಅವ್ವ ಗದಿಗೆಮ್ಮ ಮೂವರೂ ತಾರ್ನಾಕದ ಧರ್ಮಾರ್ಥ ದಂತ ಚಿಕಿತ್ಸಾಲಯಕ್ಕೆ ಹೋದೆವು. ಅಲ್ಲಿ ರೋಗಿಗಳನ್ನು ನೋಡುತ್ತಿದ್ದ ಪ್ರಾಜಕ್ತಾ ಮೇಡಂ ಮೊದಲಿಗೆ ಬಾಯಿ ತೆರೆಸಲೇ ಇಲ್ಲ. ಎಷ್ಟು ತಿಂಗಳು, ಮೊದಲು ಮುಟ್ಟು ಸರಿಯಾಗಿ ಬರುತ್ತಿತ್ತೇ, ಆ ದಿನಗಳಲ್ಲಿ ವಸಡು ಊದುತ್ತಿತ್ತೇ ಎಂದು ಕೇಳುತ್ತ ಕುಳಿತರು. ಅವ್ವನಿಗೆ ಸಿಟ್ಟು ಬಂತು.

“ನೀವು ಹಲ್ಲಿನ ಡಾಕ್ಟ್ರು ಹೌದಲ್ರಿ? ಬಾಗಲಾ ತಪ್ಪಿ ಬಂದೀವೇನು ಮತ್ತ?”

“ತಪ್ಪಿಲ್ಲ ಅವ್ವಾರೆ, ಕೂಡ್ರಿ,” ಎಂದು ಮೇಡಂ ನಕ್ಕರು. “ಮುಟ್ಟು, ಬಸಿರು ಎಲ್ಲಾ ಕೇಳಿದ್ರನೇ ಬಾಯಿ ತಿಳೀತದ.”

ವೈನಿ ಬಾಯಿಗೆ ಹಿಡಿದ ಸೆರಗನ್ನು ಬಿಡಲಿಲ್ಲ. ಮೇಡಂ ಒತ್ತಾಯ ಮಾಡಲಿಲ್ಲ. ಅವಳ ಕೈಗೆ ಕನ್ನಡಿ ಕೊಟ್ಟು, “ಮೊದಲ ನೀ ನೋಡು, ಆಮ್ಯಾಲ ನಾ ನೋಡ್ತೀನಿ,” ಎಂದರು. ಅಷ್ಟು ದಿನ ನಾಲಿಗೆಯಿಂದಷ್ಟೇ ಆ ಗಂಟನ್ನು ತಡವಿ ನೋಡಿಕೊಂಡಿದ್ದ ವೈನಿ ಆಗ ಸೆರಗು ಇಳಿಸಿದಳು.

“ಇದು ಬಸಿರಿನಾಗ ಬರೋ ಗಂಟು ಇದ್ದಂಗ ಕಾಣ್ತದ. ಹಾರ್ಮೋನು ಏರ್ಯಾವ, ಉಜ್ಜದ ವಸಡಿನಾಗ ಹೊಲಸು ಕೂತದ, ಅದಕ್ಕ ಉಬ್ಬ್ಯಾದ. ಇಂಥವು ಭಾಳಷ್ಟು ಹೆರಿಗಿ ಆದ ಮ್ಯಾಲ ತಾವೇ ಇಳೀತಾವ. ಇಳೀಲಿಲ್ಲಂದ್ರ ನಾ ತೆಗೀತೀನಿ. ಆದ್ರ ಹದಿನೈದು ದಿನಕ್ಕೊಮ್ಮೆ ತೋರಸಾಕ ಬರಬೇಕು.”

ವೈನಿ ಕೇಳಿದ್ದು ಒಂದೇ ಮಾತು: “ಕೂಸು ಇಟ್ಕೋಬೌದೇನ್ರಿ?”

“ಅಯ್ಯ ಹುಚ್ಚಿ! ಹೋಗು, ಹೆಸರು ಹುಡುಕು.”

ಮೇಡಂ ತಮ್ಮ ಕೈಯಾರೆ ಹಲ್ಲಿನ ಬುಡ ಸ್ವಚ್ಛ ಮಾಡಿ, ಮೆತ್ತನೆಯ ಬ್ರಷ್ಷಿನಿಂದ ಉಜ್ಜುವುದನ್ನು ಕಲಿಸಿದರು. ಬಾಣಂತಿ ಬ್ರಷ್ ಹಿಡಿದರೆ ಹಲ್ಲು ಸಡಿಲಾಗುತ್ತವೆಂದು ನಮ್ಮಲ್ಲಿ ಬಾಯಿ ಮುಕ್ಕಳಿಸಲು ಮಾತ್ರ ಬಿಡುತ್ತಾರೆ. ಅದನ್ನು ಅರಿತಿದ್ದ ಮೇಡಂ, ಹೆರಿಗೆಯ ನಂತರವೂ ಸೊಸೆಯ ಹಲ್ಲು ಉಜ್ಜಿಸುವ ಹೊಣೆಯನ್ನು ಅವ್ವನಿಗೇ ವಹಿಸಿದರು.

“ಉಜ್ಜಸ್ತೀನ್ರಿ. ಆದ್ರ ನನ್ನ ತಂಬಾಕಿನ ಪುಡಿ ಬಿಡು ಅನಬ್ಯಾಡ್ರಿ,” ಎಂದಳು ಅವ್ವ.

“ಅದರ ಪಂಚಾಯ್ತಿ ಮುಂದಿನ ಸಲ, ಅವ್ವಾರೆ. ಬಿಡಂಗಿಲ್ಲ ನಾನು.”

ಒಮ್ಮೆ ನಾವು ಹೋಗದಿದ್ದಾಗ ಮೇಡಂ ತಾವೇ ಫೋನು ಮಾಡಿ ಗದರಿದರು. ಇವರದು ಬಲು ಶಿಸ್ತು ಎಂದುಕೊಂಡೆವು. ಹೆಣ್ಣು ಕೂಸು ಹುಟ್ಟಿತು. ಬಾಣಂತನದಲ್ಲಿ ಅವ್ವ ಬ್ರಷ್ ಹಿಡಿದು ಎದುರಿಗೇ ಕೂರುತ್ತಿದ್ದಳು. ಗಂಟು ದಿನದಿನಕ್ಕೆ ಬಾಡುತ್ತ ಬಂದು, ಕೂಸು ಕತ್ತು ಎತ್ತುವ ಹೊತ್ತಿಗೆ ಇಲ್ಲವಾಯಿತು.

ಅಂದು ತೋರಿಸಲು ಹೋದಾಗ ಮೇಡಂ ವಸಡಿನ ಮೇಲೆ ಬೆರಳಾಡಿಸಿ, ಮತ್ತೊಮ್ಮೆ ಆಡಿಸಿ, ಕೈಗವಸು ತೆಗೆದು, ರೋಗಿಗಳ ಬೆಂಚಿನ ಮೇಲೆ ಅವ್ವನ ಪಕ್ಕದಲ್ಲಿ ಕುಳಿತುಬಿಟ್ಟರು. “ಇವತ್ತು ನನಗ ಚಲೋ ನಿದ್ದಿ ಬರ್ತದ,” ಎಂದರು.

“ನಿಮಗ್ಯಾಕ್ರಿ ಚಿಂತಿ? ತಾನ ಇಳಿತೈತಿ ಅಂದವ್ರು ನೀವಲ್ಲೇನು?”

“ಭಾಳಷ್ಟು ಇಳೀತಾವ ಅಂದಿದ್ದೆ ಅವ್ವಾರೆ. ಎಲ್ಲಾ ಇಳಿಯಂಗಿಲ್ಲ. ಅದಕ್ಕ ಪದೇ ಪದೇ ಕರೀತಿದ್ದೆ.”

ನಮಗೆ ಆಗ ತಿಳಿಯಿತು. ನಮ್ಮ ಮನೆಯಿಂದ ಹೊರಟ ಹೆದರಿಕೆ ಎಲ್ಲಿಗೂ ಹೋಗಿರಲಿಲ್ಲ. ಅಷ್ಟು ತಿಂಗಳೂ ಅದು ಅವರ ಹತ್ತಿರ ಇತ್ತು.

ಮರುವರ್ಷ ಮೇಡಂ ನನ್ನನ್ನು ಚಿಕಿತ್ಸಾಲಯದ ಕೆಲಸಕ್ಕೆ ಕರೆದರು. ಜೋರಾಗಿ ಮಾತನಾಡಲು ಬಾರದ ನನಗೆ, ನಾಚುವ ಹೆಂಗಸರ ಪಕ್ಕದಲ್ಲಿ ಕೂರುವ ಕೆಲಸ ಕೊಟ್ಟರು. ಅದಕ್ಕೆ ನಾನು ಸದಾ ಋಣಿ.

ಈಗ ಅವರು ನಿವೃತ್ತರಾಗುತ್ತಿದ್ದಾರೆ. ತಿಂಗಳಿಗೊಮ್ಮೆ ಉಪ್ಪಲ್‌ನ ನಮ್ಮ ಸಾಲಿಗೆ ಬಂದು ಹೆಂಗಸರನ್ನು ನೋಡುವುದಾಗಿ ಮಾತು ಕೊಟ್ಟಿದ್ದಾರೆ. ಬರಲಿ. ನಮ್ಮವರು ತಮ್ಮ ಭಯವನ್ನೆಲ್ಲ ಅವರ ಮುಂದಿಟ್ಟು ಹಗುರಾಗಿ ಮನೆಗೆ ಹೋಗುತ್ತಾರೆ. ಅದನ್ನೆಲ್ಲ ಹೊರುವಷ್ಟು ಆಯುಸ್ಸು, ಆಮೇಲೆ ಕಣ್ತುಂಬ ನಿದ್ದೆ, ಎರಡನ್ನೂ ದೇವರು ನಮ್ಮ ಮೇಡಂಗೆ ಧಾರಾಳವಾಗಿ ಕೊಡಲಿ.